ಪ್ರಭುವಿನೆಡೆಗೆ ಎಸೆದ ಪಾದರಕ್ಷೆ

ಆಳುವವರತ್ತ ಪಾದರಕ್ಷೆಯನ್ನೋ ಮೊಟ್ಟೆಯನ್ನೋ ಮಸಿಯನ್ನೋ ಎಸೆಯುವ ಪ್ರತಿಭಟನೆಯನ್ನು ಸಾಮಾನ್ಯವಾಗಿ ಕಾನೂನು ಮತ್ತು ಸುವ್ಯವಸ್ಥೆಯ ವಿಷಯವೆಂದೇ ಪರಿಗಣಿಸಿ, ಎಸೆದವನನ್ನು ಹಿಡಿದು ಠಾಣೆಗೆ ಒಯ್ದಲ್ಲಿಗೆ ಅದರ ವಿಚಾರ ಮುಗಿಯಿತೆಂದು ಭಾವಿಸಲಾಗುತ್ತದೆ. ಆದರೆ ಆ ಕೃತ್ಯದೊಳಗೆ ಪೊಲೀಸರ ಕೈಗೆ ಸಿಕ್ಕದ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ: ಅನ್ಯಾಯಕ್ಕೆ ಒಳಗಾದವನಿಗೆ ಅನ್ಯಾಯ ಮಾಡಿದವನನ್ನು, ಅಥವಾ ಅದನ್ನು ನೋಡಿಯೂ ಸುಮ್ಮನಿದ್ದ ಅಧಿಕಾರಸ್ಥನನ್ನು, ಎಲ್ಲರೆದುರು ಅವಮಾನಿಸುವ ಹಕ್ಕು ಇದೆಯೇ, ಇದ್ದರೆ ಆ ಹಕ್ಕು ಯಾವ ಧರ್ಮದಿಂದ ಬರುತ್ತದೆ? ಇಲ್ಲಿ ಧರ್ಮವೆಂದರೆ ಮತವಲ್ಲ, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸಲ್ಲಿಸಬೇಕಾದದ್ದರ ಲೆಕ್ಕ. ಎಸೆದ ವಸ್ತು ಒಂದೇ ಆದರೂ ಅದು ಒಮ್ಮೆಗೇ ಮೂರು ಕೆಲಸಗಳನ್ನು ಮಾಡುತ್ತದೆ. ಮೈಗೆ ನೋವು ಮಾಡಬಲ್ಲದು, ಮಾನಕ್ಕೆ ಪೆಟ್ಟು ಕೊಡುತ್ತದೆ, ನೋಡುತ್ತಿರುವ ಲೋಕಕ್ಕೆ ಏನನ್ನೋ ಹೇಳುತ್ತದೆ. ಪ್ರಜಾಪ್ರಭುತ್ವದಲ್ಲಿ ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಸ್ಥಾನವಿದೆ ಎಂಬುದೇ ಈ ಲೇಖನದ ವಿಚಾರ.

ಈ ಬಗೆಯ ಪ್ರತಿಭಟನೆಯನ್ನು ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದ ಘಟನೆ ನಡೆದದ್ದು 2008ರ ಡಿಸೆಂಬರ್ 14ರಂದು, ಬಾಗ್ದಾದಿನಲ್ಲಿ. ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇರಾಕಿನ ಪ್ರಧಾನಿ ನೂರಿ ಅಲ್-ಮಾಲಿಕಿಯವರ ಪಕ್ಕದಲ್ಲಿ ನಿಂತು ಪತ್ರಿಕಾಗೋಷ್ಠಿ ನಡೆಸುತ್ತಿದ್ದಾಗ ಅಲ್-ಬಾಗ್ದಾದಿಯಾ ದೂರದರ್ಶನದ ವರದಿಗಾರ ಮುಂತಧರ್ ಅಲ್-ಜೈದಿ ಎದ್ದು ನಿಂತು ತನ್ನ ಎರಡೂ ಶೂಗಳನ್ನು ಒಂದಾದಮೇಲೊಂದರಂತೆ ಎಸೆದ. ಮೊದಲನೆಯದಕ್ಕೆ ಬುಷ್ ತಲೆ ತಗ್ಗಿಸಿ ತಪ್ಪಿಸಿಕೊಂಡರು. ಎರಡನೆಯದನ್ನು ತಡೆಯಲು ಮಾಲಿಕಿ ಕೈ ಅಡ್ಡ ಹಿಡಿದರು. ಮೊದಲನೆಯದು ಇರಾಕಿನ ಜನರ ವಿದಾಯದ ಮುತ್ತು ಎಂದೂ, ಎರಡನೆಯದು ವಿಧವೆಯರ, ಅನಾಥರ, ಸತ್ತವರ ಪರವಾಗಿ ಎಂದೂ ಆತ ಕೂಗಿದ. ಸ್ಫೋಟಕವೇನಾದರೂ ಇದೆಯೇ ಎಂದು ತಪಾಸಣೆ ಮಾಡಿದ ಭದ್ರತಾ ಸಿಬ್ಬಂದಿ ಆ ಶೂಗಳನ್ನು ನಾಶಮಾಡಿದರು. ವಿದೇಶಿ ರಾಷ್ಟ್ರಮುಖ್ಯನ ಮೇಲೆ ಹಲ್ಲೆ ನಡೆಸಿದ ಆರೋಪದ ಮೇಲೆ ಜೈದಿಗೆ 2009ರ ಮಾರ್ಚ್‌ನಲ್ಲಿ ಮೂರು ವರ್ಷಗಳ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಒಂದು ವರ್ಷಕ್ಕಿಳಿದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆತ ಹೊರಬಂದ. ಸೆರೆಯಲ್ಲಿ ತನಗೆ ಚಿತ್ರಹಿಂಸೆ ಕೊಟ್ಟರೆಂದು ಆತ ಬಿಡುಗಡೆಯ ನಂತರ ಹೇಳಿದ.

ಈ ಘಟನೆಯನ್ನು ಬರಿಯ ಪುಂಡಾಟವೆಂದು ತಳ್ಳಿಹಾಕಲಾಗದಂತೆ ಮಾಡುವ ಸಂಗತಿ ಒಂದಿದೆ. ಇರಾಕಿನ ಮೇಲೆ ಯುದ್ಧ ಸಾರಿದ ಅಧ್ಯಕ್ಷನನ್ನು ಆರಿಸಿದವರು ಇರಾಕಿನವರಲ್ಲ, ಅವನನ್ನು ಇಳಿಸುವ ಅಧಿಕಾರವೂ ಅವರಿಗಿರಲಿಲ್ಲ. ಲಕ್ಷಾಂತರ ಜನರ ಬದುಕನ್ನು ತಲೆಕೆಳಗು ಮಾಡಿದ ತೀರ್ಮಾನವನ್ನು ಕೈಗೊಂಡವನು ಆ ಜನರಿಗೆ ಯಾವ ವಿಧದಲ್ಲೂ ಉತ್ತರದಾಯಿಯಾಗಿರದೆ ಇದ್ದಾಗ, ಅವನ ಎದುರಿಗೆ ಬಂದು ನಿಲ್ಲುವ ಒಂದೇ ಅವಕಾಶ ಒಬ್ಬ ವರದಿಗಾರನಿಗೆ ಒದಗಿ, ಅವನ ಕೈ ಲೇಖನಿಯ ಬದಲು ಪಾದರಕ್ಷೆಯನ್ನು ಎತ್ತಿಕೊಂಡಿತು. ಅದನ್ನು ಸರಿಯೆಂದು ಒಪ್ಪದವರೂ ಅದರ ಹಿಂದಿದ್ದ ದುಃಖದ ಭಾರವನ್ನು ಅಲ್ಲಗಳೆಯಲಾರರು. ಮತವಿಲ್ಲದವನ ಎಸೆತಕ್ಕೂ ಮತವಿರುವವನ ಎಸೆತಕ್ಕೂ ನೈತಿಕವಾಗಿ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು, ಏಕೆಂದರೆ ಭಾರತದಲ್ಲಿ ನಡೆದದ್ದು ಎರಡನೆಯ ಬಗೆಯದು.

ಬಾಗ್ದಾದಿನ ಘಟನೆ ನಡೆದು ನಾಲ್ಕು ತಿಂಗಳು ತುಂಬುವ ಮೊದಲೇ, 2009ರ ಏಪ್ರಿಲ್ 7ರಂದು, ದೆಹಲಿಯ ಕಾಂಗ್ರೆಸ್ ಕಚೇರಿಯಲ್ಲಿ ಗೃಹಸಚಿವ ಪಿ. ಚಿದಂಬರಂ ಅವರ ಪತ್ರಿಕಾಗೋಷ್ಠಿ ನಡೆಯುತ್ತಿದ್ದಾಗ ಹಿಂದಿ ದಿನಪತ್ರಿಕೆಯೊಂದರ ವರದಿಗಾರ ಜರ್ನೈಲ್ ಸಿಂಗ್ ಮುಂದಿನ ಸಾಲಿನಿಂದ ತಮ್ಮ ಶೂ ಎಸೆದರು. 1984ರ ಸಿಖ್ ಹತ್ಯಾಕಾಂಡದ ಪ್ರಕರಣವೊಂದರಲ್ಲಿ ಕಾಂಗ್ರೆಸ್ ನಾಯಕ ಜಗದೀಶ್ ಟೈಟ್ಲರ್ ಅವರನ್ನು ಸಿಬಿಐ ನಿರ್ದೋಷಿಯೆಂದು ಹೇಳಿದ್ದರ ಬಗ್ಗೆ ಅವರು ಪ್ರಶ್ನೆ ಕೇಳಿದ್ದರು. ಬಂದ ಉತ್ತರ ಅವರಿಗೆ ಉತ್ತರವೆನಿಸಲಿಲ್ಲ. ಶೂ ಗುರಿ ತಪ್ಪಿತು. ಚಿದಂಬರಂ ಅವರು ಆತನನ್ನು ಮೃದುವಾಗಿ ಹೊರಗೆ ಕರೆದೊಯ್ಯಿರಿ ಎಂದು ಹೇಳಿ ಅಲ್ಲಿಯೇ ಕ್ಷಮಿಸಿದರು, ಮೊಕದ್ದಮೆ ಹೂಡಲಿಲ್ಲ. ಕೆಲವೇ ದಿನಗಳಲ್ಲಿ ಕಾಂಗ್ರೆಸ್ ಪಕ್ಷ ಟೈಟ್ಲರ್ ಮತ್ತು ಅದೇ ಹತ್ಯಾಕಾಂಡದ ಇನ್ನೊಬ್ಬ ಆರೋಪಿ ಸಜ್ಜನ್ ಕುಮಾರ್ ಇಬ್ಬರನ್ನೂ ಆ ಸಲದ ಲೋಕಸಭಾ ಚುನಾವಣೆಯ ಕಣದಿಂದ ಹಿಂದೆಗೆಯಿತು. ಇಪ್ಪತ್ತೈದು ವರ್ಷ ಮನವಿ, ಆಯೋಗ, ಸಾಕ್ಷ್ಯಗಳಿಂದ ಆಗದಿದ್ದದ್ದು ಒಂದು ಶೂವಿನಿಂದ ಆಯಿತೆಂದು ಅಂದು ಅನೇಕರಿಗೆ ಅನ್ನಿಸಿದ್ದು ಸಹಜವೇ. ಆದರೆ ಅಭ್ಯರ್ಥಿಯ ಹೆಸರು ಪಟ್ಟಿಯಿಂದ ಹೋಗುವುದು ಬೇರೆ, ನ್ಯಾಯ ಸಿಗುವುದು ಬೇರೆ. ಸಜ್ಜನ್ ಕುಮಾರ್ ಅವರಿಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರ ಡಿಸೆಂಬರ್‌ನಲ್ಲಿ, ಕೊಲೆಯಾದವರ ಮನೆಯ ಹೆಂಗಸರು ಬೆದರಿಕೆಗಳ ನಡುವೆ ಮೂವತ್ತನಾಲ್ಕು ವರ್ಷ ತಮ್ಮ ಮಾತಿಗೆ ಅಂಟಿಕೊಂಡು ನಿಂತದ್ದರಿಂದ. ತಮ್ಮ ಪ್ರಶ್ನೆ ಸರಿಯಾಗಿತ್ತು, ವಿಧಾನ ಸರಿಯಿರಲಿಲ್ಲ ಎಂದು ಜರ್ನೈಲ್ ಸಿಂಗ್ ಅವರೇ ಒಪ್ಪಿಕೊಂಡಿದ್ದರು.

ಎಸೆಯುವ ಕ್ರಿಯೆ ತನ್ನಷ್ಟಕ್ಕೆ ತಾನೇ ಅಪರಾಧವೂ ಅಲ್ಲ, ಅವಮಾನವೂ ಅಲ್ಲ ಎಂಬುದಕ್ಕೆ ಧಾರ್ಮಿಕ ಪರಂಪರೆಗಳಲ್ಲಿ ಸಾಕಷ್ಟು ಸಾಕ್ಷಿಯಿದೆ. ಕನ್ನಡನಾಡಿನ ಯಾವ ರಥೋತ್ಸವದಲ್ಲಾದರೂ ತೇರು ಕದಲಿದ ಕೂಡಲೇ ಜನ ಬಾಳೆಹಣ್ಣಿಗೆ ದವನದ ಎಸಳು ಸಿಕ್ಕಿಸಿ ಕಳಸದತ್ತ ಎಸೆಯುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಉತ್ತತ್ತಿ ಎಸೆಯುತ್ತಾರೆ. ದೇವರ ಮೇಲೆಯೇ ಹೀಗೆ ಹಣ್ಣು ಬೀಳುವಾಗ ಅದನ್ನು ಯಾರೂ ಅಪಚಾರವೆಂದು ಎಣಿಸುವುದಿಲ್ಲ. ಕಳಸಕ್ಕೆ ತಾಗಿದರೆ ಹರಕೆ ಸಂದಿತೆಂದು ಸಂತೋಷಪಡುತ್ತಾರೆ. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ, ತಮಿಳಿನ ಪೆರಿಯಪುರಾಣದಲ್ಲಿ ಸಾಕ್ಕಿಯ ನಾಯನಾರ್ ಎಂದು ಬರುವ, ಕನ್ನಡದ ಶಿವಶರಣರಿಗೆ ಸಾಂಖ್ಯತೊಂಡನೆಂದು ಪರಿಚಿತನಾದ ಭಕ್ತನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬೌದ್ಧನ ವೇಷದಲ್ಲಿದ್ದ ಆತ ಬಯಲಲ್ಲಿ ಕಂಡ ಲಿಂಗದ ಮೇಲೆ ಪ್ರೀತಿಯ ಉತ್ಕಟತೆಯಲ್ಲಿ ಕಲ್ಲೊಂದನ್ನು ಎಸೆದು, ಅಂದಿನಿಂದ ಕಲ್ಲೆಸೆಯದೆ ಊಟ ಮಾಡುವುದಿಲ್ಲವೆಂಬ ವ್ರತ ಹಿಡಿದ. ಒಂದು ದಿನ ಮರೆತು ಎಲೆಯ ಮುಂದೆ ಕುಳಿತವನು ನೆನಪಾದ ಕೂಡಲೇ ಎದ್ದು ಓಡಿದ್ದನ್ನು ಕಂಡು ಶಿವ ಪ್ರತ್ಯಕ್ಷನಾದನೆಂದು ಕಥೆ. ಕಲ್ಲು ಹೂವಾದದ್ದು ಭಾವದಿಂದ ಎಂಬುದು ಇದರ ಹುರುಳು.

ಕೆಡುಕಿನ ವಿರುದ್ಧ ಎಸೆಯುವುದಕ್ಕೂ ಧರ್ಮಗಳಲ್ಲಿ ಜಾಗವಿದೆ. ಹಜ್ ಯಾತ್ರೆಯ ಕಡೆಯ ದಿನಗಳಲ್ಲಿ ಮೀನಾ ಎಂಬಲ್ಲಿ ಯಾತ್ರಿಕರು ಸೈತಾನನ ಸಂಕೇತವಾದ ಮೂರು ಕಂಬಗಳಿಗೆ, 2004ರಿಂದೀಚೆಗೆ ಅವುಗಳ ಜಾಗದಲ್ಲಿ ಎಬ್ಬಿಸಿರುವ ಉದ್ದನೆಯ ಗೋಡೆಗಳಿಗೆ, ಪ್ರತಿಯೊಂದಕ್ಕೆ ಏಳೇಳರಂತೆ ಹರಳುಗಳನ್ನು ಎಸೆಯುತ್ತಾರೆ. ಆ ಹರಳು ಕಡಲೆಕಾಳಿಗಿಂತ ಹೆಚ್ಚು ದೊಡ್ಡದಿರಬಾರದೆಂಬುದು ಸಂಪ್ರದಾಯ; ಸಣ್ಣ ಹರಳುಗಳನ್ನೇ ಆಯ್ದುಕೊಳ್ಳಬೇಕೆಂದು ಹೇಳುತ್ತ ಧರ್ಮದ ವಿಷಯದಲ್ಲಿ ಅತಿರೇಕ ಬೇಡವೆಂದು ಪ್ರವಾದಿಯವರು ಎಚ್ಚರಿಸಿದ್ದನ್ನು ಹದೀಸ್‌ಗಳು, ಎಂದರೆ ಪ್ರವಾದಿಯ ನಡೆನುಡಿಗಳ ಸಂಗ್ರಹಗಳು, ದಾಖಲಿಸಿವೆ. ಕೆಡುಕಿನ ಮೂರ್ತಿಯ ಮೇಲೆಯೇ ಎಸೆಯುವಾಗಲೂ ಅಳತೆ ಮೀರಬಾರದು, ಗುರಿ ಕಲ್ಲಿನದಾಗಿರಬೇಕು, ಮನುಷ್ಯನಾಗಿರಬಾರದು ಎಂಬ ಎರಡು ಕಟ್ಟುಗಳನ್ನು ಈ ಆಚರಣೆ ಹಾಕಿಕೊಂಡಿದೆ. ಪ್ರತಿಭಟನೆಯ ಎಸೆತ ಈ ಎರಡನೆಯ ಕಟ್ಟನ್ನು ಮುರಿಯುತ್ತದೆ. ಕೆಡುಕನ್ನೂ ಮನುಷ್ಯನನ್ನೂ ಒಂದೇ ಮಾಡಿ, ಆ ಮನುಷ್ಯನೇ ಕೆಡುಕು ಎಂದು ಸಾರುತ್ತದೆ. ಅದರ ಬಲವೂ ದೋಷವೂ ಅಲ್ಲಿಯೇ ಇದೆ.

ಭಾರತೀಯ ರಾಜಧರ್ಮದ ಚಿಂತನೆಯಲ್ಲಿ ದೊರೆಯ ಮೇಲೆ ಎಸೆದ ಅತ್ಯಂತ ಹಗುರವಾದ ಮತ್ತು ಅತ್ಯಂತ ಘೋರವಾದ ವಸ್ತುವೆಂದರೆ ವೇನನ ಮೇಲೆ ಋಷಿಗಳು ಪ್ರಯೋಗಿಸಿದ ದರ್ಭೆ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಈ ಕಥೆಯ ಪ್ರಕಾರ, ರಾಗದ್ವೇಷಗಳಿಗೆ ವಶನಾಗಿ ಪ್ರಜೆಗಳ ಮೇಲೆ ಅಧರ್ಮದಿಂದ ನಡೆದುಕೊಂಡ ವೇನನನ್ನು ಋಷಿಗಳು ಮಂತ್ರಿಸಿದ ಕುಶದಿಂದ ಕೊಂದರು. ಈ ಕಥೆಯನ್ನು ಅರಸನ ವಿರುದ್ಧ ಬಂಡೇಳುವ ಹಕ್ಕಿಗೆ ಆಧಾರವಾಗಿ ಉಲ್ಲೇಖಿಸುವವರು ಅದರ ಮುಂದಿನ ಭಾಗವನ್ನು ಬಿಟ್ಟುಬಿಡುತ್ತಾರೆ. ವೇನನನ್ನು ಕೊಂದಲ್ಲಿಗೆ ಋಷಿಗಳ ಕೆಲಸ ಮುಗಿಯಲಿಲ್ಲ. ಅವನ ದೇಹವನ್ನೇ ಮಥಿಸಿ ಪೃಥುವನ್ನು ಪಡೆದು, ತನ್ನ ಇಷ್ಟಾನಿಷ್ಟಗಳನ್ನು ಬದಿಗಿಟ್ಟು ಎಲ್ಲ ಪ್ರಾಣಿಗಳನ್ನೂ ಸಮನಾಗಿ ಕಾಣುವೆನೆಂದು ಅವನಿಂದ ಪ್ರತಿಜ್ಞೆ ಮಾಡಿಸಿದರು. ಕೆಟ್ಟ ದೊರೆಯ ಮೇಲೆ ಕೈಯೆತ್ತಿದವರಿಗೆ ಒಳ್ಳೆಯ ಆಳ್ವಿಕೆಯನ್ನು ಕಟ್ಟಿಕೊಡುವ ಹೊಣೆಯೂ ಅಂಟಿಕೊಳ್ಳುತ್ತದೆ ಎಂಬ ಈ ಮಾತು ಕಥೆಯ ಅರ್ಧಕ್ಕಿಂತ ಹೆಚ್ಚು ಭಾಗ. ಎಸೆದು ಕೈ ತೊಳೆದುಕೊಳ್ಳುವ ಪ್ರತಿಭಟನೆಗೆ ಅಲ್ಲಿ ಆಸರೆ ಸಿಗುವುದಿಲ್ಲ.

ಅವಮಾನಿತನಾದ ಪ್ರಭುವಿನ ಕಡೆಯಿಂದ ನೋಡಿದರೆ ಭಾಗವತದ ಹತ್ತನೆಯ ಸ್ಕಂಧದ ಭೃಗುವಿನ ಕಥೆ ನೆನಪಾಗುತ್ತದೆ. ತ್ರಿಮೂರ್ತಿಗಳಲ್ಲಿ ಯಾರು ದೊಡ್ಡವರೆಂದು ಪರೀಕ್ಷಿಸಲು ಹೊರಟ ಭೃಗು ಬ್ರಹ್ಮನಿಗೆ ವಂದಿಸಲಿಲ್ಲ, ಶಿವನ ಆಲಿಂಗನವನ್ನು ನಿರಾಕರಿಸಿದ, ಕಡೆಗೆ ಮಲಗಿದ್ದ ವಿಷ್ಣುವಿನ ಎದೆಗೆ ಒದ್ದ. ಮೊದಲಿನ ಇಬ್ಬರೂ ಸಿಟ್ಟಾದರು. ವಿಷ್ಣು ಎದ್ದು, ಬಂದದ್ದನ್ನು ಗಮನಿಸದೆ ಇದ್ದದ್ದಕ್ಕೆ ಕ್ಷಮೆ ಕೇಳಿ, ಒದ್ದ ಪಾದವನ್ನು ಹಿಡಿದು ಉಪಚರಿಸಿದ. ಈ ಕಥೆಯನ್ನು ತಾಳ್ಮೆಯ ಮಹಿಮೆಯನ್ನು ಹೇಳುವುದಕ್ಕೆ ಬಳಸುವುದು ರೂಢಿ. ಅದಕ್ಕಿಂತ ಮುಖ್ಯವಾದದ್ದು ವಿಷ್ಣು ಕೇಳಿದ ಕ್ಷಮೆಯ ಕಾರಣ: ಒದೆಯುವವರೆಗೂ ನೀನು ಬಂದದ್ದು ನನ್ನ ಗಮನಕ್ಕೆ ಬರಲಿಲ್ಲವಲ್ಲ ಎಂಬುದು. ಅಧಿಕಾರದಲ್ಲಿರುವವನು ತನ್ನ ಮೇಲೆ ಬಿದ್ದ ಪೆಟ್ಟನ್ನು ಮೊದಲು ತನ್ನ ಅಲಕ್ಷ್ಯದ ಸುದ್ದಿಯಾಗಿ ಓದಿಕೊಳ್ಳಬೇಕು ಎಂಬ ಈ ತಿಳಿವಳಿಕೆಯನ್ನು ಇಂದಿನ ಸಚಿವರೊಬ್ಬರಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ. ಗದ್ದುಗೆಯೇರಿದ ವ್ಯಕ್ತಿಯ ಮಾನಕ್ಕಿಂತ ಆ ಗದ್ದುಗೆಯನ್ನು ಕೊಟ್ಟವರ ಅಳಲು ದೊಡ್ಡದೆಂಬ ಒಪ್ಪಂದದ ಮೇಲೆಯೇ ಪ್ರಜಾಪ್ರಭುತ್ವ ನಿಂತಿದೆ.

ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೂ ಪಾದರಕ್ಷೆಯ ವಿಷಯದಲ್ಲಿ ಒಂದು ಗಂಭೀರವಾದ ಆಕ್ಷೇಪ ಉಳಿಯುತ್ತದೆ, ಅದು ಈ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಚಪ್ಪಲಿ ತಾಗಿದರೆ ಮಾನ ಹೋಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಕಾಲು ಕೀಳು, ನೆಲ ಕೊಳಕು, ತೊಗಲು ಮೈಲಿಗೆ, ಆ ತೊಗಲನ್ನು ಹದಮಾಡಿ ಹೊಲಿದವನು ಅಸ್ಪೃಶ್ಯ ಎಂಬ ಶ್ರೇಣಿಯಿಂದ. ಅರಬ್ ದೇಶಗಳಲ್ಲಿ ಪಾದರಕ್ಷೆಯ ಅವಮಾನ ಧೂಳು ಮತ್ತು ಕೊಳೆಯ ಕಲ್ಪನೆಗೆ ನಿಂತರೆ, ಭಾರತದಲ್ಲಿ ಅದು ಜಾತಿಯ ಬೇರಿಗೆ ಇಳಿದಿದೆ. ಇದೇ ಸಂಸ್ಕೃತಿ ಅದೇ ವಸ್ತುವನ್ನು ಬೇರೆ ರೀತಿಯಲ್ಲಿ ಕಂಡದ್ದೂ ಉಂಟು. ರಾಮಾಯಣದ ಭರತ ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ಅವುಗಳ ಹೆಸರಿನಲ್ಲಿ ರಾಜ್ಯವಾಳಿದ. ಕಲ್ಯಾಣದ ಶರಣರ ನಡುವೆ ಪ್ರಚಲಿತವಾದ ಕಥೆ ಇನ್ನೂ ತೀಕ್ಷ್ಣವಾದದ್ದು: ಸಮಗಾರ ಹರಳಯ್ಯ ಬಸವಣ್ಣನಿಗೆ ಶರಣು ಎಂದಾಗ ಬಸವಣ್ಣ ಎರಡು ಸಲ ಶರಣು ಎಂದನಂತೆ, ಆ ಹೆಚ್ಚಿನ ಒಂದು ಶರಣಿನ ಋಣವನ್ನು ಹೊರಲಾರದೆ ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಮಾಡಿ ತಂದುಕೊಟ್ಟರು. ಬಸವಣ್ಣ ಅವನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಮದುವೆಯಾದದ್ದು, ಅದಕ್ಕಾಗಿ ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದದ್ದು ಆಮೇಲಿನ ಸಂಗತಿ.

ಚಪ್ಪಲಿಯನ್ನು ತಲೆಯ ಮೇಲೆ ಹೊತ್ತ ಆ ಒಂದು ಗಳಿಗೆಯಲ್ಲಿ ಕೀಳು ಮೇಲುಗಳ ಇಡೀ ಏಣಿ ತಲೆಕೆಳಗಾಯಿತು. ಚಪ್ಪಲಿಯನ್ನು ಮುಖಕ್ಕೆ ಎಸೆಯುವವನು, ಅವನ ಸಿಟ್ಟು ಎಷ್ಟೇ ನ್ಯಾಯವಾದದ್ದಾಗಿರಲಿ, ಆ ಏಣಿಯನ್ನು ಮತ್ತೆ ನೇರವಾಗಿ ನಿಲ್ಲಿಸಿ ಅದರ ಕೆಳಗಿನ ಮೆಟ್ಟಿಲಿನ ಕೊಳೆಯನ್ನು ಮೇಲಿನವನಿಗೆ ಮೆತ್ತುತ್ತಾನೆ. ಸಮಾನತೆಗಾಗಿ ನಡೆಯುವ ಹೋರಾಟ ಅಸಮಾನತೆಯ ಸಂಕೇತದಿಂದ ಶಕ್ತಿ ಪಡೆಯುವುದು ಹೋರಾಟದ ಒಳಗೇ ಇರುವ ವಿರೋಧ. ರಾಜಕಾರಣಿಗಳಿಗೆ ಚಪ್ಪಲಿಹಾರ ಹಾಕುವ, ಪ್ರತಿಕೃತಿಗೆ ಚಪ್ಪಲಿಯಿಂದ ಹೊಡೆಯುವ ಪದ್ಧತಿಯನ್ನು ಎಲ್ಲ ಪಕ್ಷಗಳೂ ಎಲ್ಲ ಸಂಘಟನೆಗಳೂ ಯೋಚಿಸದೆ ಬಳಸುತ್ತಿವೆ; ಅದರಲ್ಲಿ ಯಾರ ಕಸುಬಿಗೆ, ಯಾರ ಬದುಕಿಗೆ ದಿನವೂ ಹೊಸದಾಗಿ ಅವಮಾನವಾಗುತ್ತಿದೆ ಎಂಬುದನ್ನು ಅವು ಒಮ್ಮೆಯಾದರೂ ಕೇಳಿಕೊಳ್ಳಬೇಕು. 2025ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲನೆಯ ನ್ಯಾಯಾಂಗಣದಲ್ಲಿ, ದಲಿತ ಸಮುದಾಯದಿಂದ ಬಂದು ಆ ಪೀಠವನ್ನೇರಿದ ಎರಡನೆಯವರೂ ಬೌದ್ಧರಲ್ಲಿ ಮೊದಲಿಗರೂ ಆದ ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿಯವರತ್ತ ವಕೀಲರೊಬ್ಬರು ಸನಾತನದ ಅಪಮಾನವನ್ನು ಸಹಿಸುವುದಿಲ್ಲವೆಂದು ಕೂಗುತ್ತ ಶೂ ಎಸೆಯಲು ಹೋದಾಗ, ಆ ವ್ಯಕ್ತಿಯ ಮನಸ್ಸಿನಲ್ಲಿ ಏನೇ ಇದ್ದಿರಲಿ, ನೋಡಿದ ದೇಶಕ್ಕೆ ಕಂಡದ್ದು ಹಳೆಯ ಏಣಿಯೇ. ಗವಾಯಿಯವರು ವಿಚಲಿತರಾಗದೆ ಕಲಾಪವನ್ನು ಮುಂದುವರಿಸಿದರು. ನ್ಯಾಯಾಧೀಶರು ರಾಜಕಾರಣಿಗಳಲ್ಲ, ಅವರನ್ನು ಮತದಿಂದ ಆರಿಸುವುದಿಲ್ಲ. ಹಾಗಿದ್ದರೂ ಕಾರಣಗಳನ್ನು ಕೇಳಿ ಕಾರಣಗಳನ್ನು ಕೊಡುವುದಕ್ಕೆಂದೇ ಇರುವ ಅಂಗಳದಲ್ಲಿ, ವಾದ ಮಾಡುವುದನ್ನೇ ಕಸುಬಾಗಿಸಿಕೊಂಡವರು ಕಾರಣದ ಬದಲು ವಸ್ತುವನ್ನು ಕೈಗೆತ್ತಿಕೊಂಡದ್ದು ಈ ವಿಧಾನದ ಬಡತನವನ್ನು ಬೇರೆ ಯಾವ ಘಟನೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ವಸ್ತುವಿಗೆ ಉತ್ತರ ಕೊಡಲು ಬರುವುದಿಲ್ಲ ಎಂಬುದೇ ಪ್ರಜಾಪ್ರಭುತ್ವದ ದೃಷ್ಟಿಯಿಂದ ಎಸೆತದ ಮೂಲ ಕೊರತೆ. ರೋಮಿನ ಚಕ್ರವರ್ತಿ ಕ್ಲಾಡಿಯಸ್‌ನ ಮೇಲೆ ಕ್ರಿ.ಶ. 51ರಲ್ಲಿ, ಧಾನ್ಯ ಸಾಲದೆ ಹಸಿದ ಜನ ನಗರದ ಚೌಕದಲ್ಲಿಯೇ ಬೈಗುಳದ ಜೊತೆಗೆ ರೊಟ್ಟಿಯ ಚೂರುಗಳನ್ನೂ ಎಸೆದರೆಂದು ಇತಿಹಾಸಕಾರ ಸುಯಟೋನಿಯಸ್ ಬರೆದಿದ್ದಾನೆ. ಹಿತ್ತಿಲ ಬಾಗಿಲಿನಿಂದ ಅರಮನೆ ಸೇರಿಕೊಂಡ ಚಕ್ರವರ್ತಿ ಅಂದಿನಿಂದ ಚಳಿಗಾಲದಲ್ಲೂ ಹಡಗುಗಳಲ್ಲಿ ಧಾನ್ಯ ಬರುವಂತೆ ಮಾಡಿ, ಬಿರುಗಾಳಿಯಿಂದ ವರ್ತಕರಿಗಾಗುವ ನಷ್ಟವನ್ನು ತಾನೇ ತುಂಬಿಕೊಡುವ ಏರ್ಪಾಡು ಮಾಡಿದ. ಪ್ರಶ್ನೆ ಕೇಳುವ ಹಕ್ಕಿಲ್ಲದ ರಾಜ್ಯದಲ್ಲಿ ರೊಟ್ಟಿಯ ಚೂರೇ ಮನವಿಪತ್ರವಾಗಿತ್ತು. ಅದಕ್ಕಿಂತ ಐದು ಶತಮಾನಗಳಷ್ಟು ಹಿಂದೆ ಅಥೆನ್ಸಿನವರು ಬೇರೊಂದು ದಾರಿ ಕಂಡುಕೊಂಡಿದ್ದರು. ನಾಯಕನೊಬ್ಬ ಅಪಾಯಕಾರಿಯಾಗಿ ಬೆಳೆದಿದ್ದಾನೆಂದು ಅನ್ನಿಸಿದರೆ ಪೌರರು ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಕನಿಷ್ಠ 6000 ಚೂರುಗಳು ಬಿದ್ದರೆ, ಹೆಚ್ಚು ಸಲ ಹೆಸರು ಬಂದವನು ಹತ್ತು ವರ್ಷ ನಗರವನ್ನು ಬಿಟ್ಟುಹೋಗಬೇಕಿತ್ತು, ಆದರೆ ಅವನ ಆಸ್ತಿಗಾಗಲಿ ಪೌರತ್ವಕ್ಕಾಗಲಿ ಚ್ಯುತಿ ಬರುತ್ತಿರಲಿಲ್ಲ. ಮುಖಕ್ಕೆ ಎಸೆದರೆ ಗಾಯವಾಗುವ ಬೋಕಿಯನ್ನೇ ಅವರು ಎಣಿಸಬಹುದಾದ ಅಭಿಪ್ರಾಯವನ್ನಾಗಿ ಮಾಡಿಕೊಂಡರು. ಗುರಿಗಾರನ ಬೋಕಿಗೂ ಕೈನಡುಗುವ ಮುದುಕನ ಬೋಕಿಗೂ ತೂಕ ಒಂದೇ ಆದದ್ದು ಮನುಷ್ಯನ ರಾಜಕೀಯ ಬುದ್ಧಿಯ ದೊಡ್ಡ ಗೆಲುವುಗಳಲ್ಲಿ ಒಂದು. ಎಸೆತದಲ್ಲಿ ಆ ಸಮತೆ ಇಲ್ಲ; ಅಲ್ಲಿ ಹತ್ತಿರ ಹೋಗಬಲ್ಲವನಿಗೆ, ತೋಳುಬಲ ಇರುವವನಿಗೆ, ಹಿಂದೆ ಗುಂಪು ಇರುವವನಿಗೆ ಮಾತ್ರ ಅವಕಾಶ.

ಗುಂಪಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಬದಿಯ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲಿಸ್ ಎಂಬ ನಾಯಕನ ಹೆಸರಿನ ಸುಮಾರು 190 ಬೋಕಿಗಳು ಸಿಕ್ಕಿದ್ದು, ಅವನ್ನೆಲ್ಲ ಬರೆದದ್ದು ಹದಿನಾಲ್ಕೇ ಕೈಗಳು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಯಾರೋ ಮೊದಲೇ ಬರೆಸಿ ಹಂಚಲು ಇಟ್ಟುಕೊಂಡದ್ದು ಅದು. ಜನರ ಆಕ್ರೋಶವನ್ನು ತಯಾರಿಸಿ ಹಂಚುವ ಕೆಲಸ ಪ್ರಜಾಪ್ರಭುತ್ವದಷ್ಟೇ ಹಳೆಯದು. 2022ರ ಆಗಸ್ಟ್‌ನಲ್ಲಿ ಮಳೆಹಾನಿ ವೀಕ್ಷಿಸಲು ಕೊಡಗಿಗೆ ಹೋದ ಅಂದಿನ ವಿರೋಧಪಕ್ಷದ ನಾಯಕ ಸಿದ್ದರಾಮಯ್ಯನವರ ಕಾರಿನ ಮೇಲೆ, ಸಾವರ್ಕರ್ ಬಗ್ಗೆ ಅವರಾಡಿದ ಮಾತನ್ನು ವಿರೋಧಿಸಿ, ಮೊಟ್ಟೆ ಎಸೆಯಲಾಯಿತು. ಮುಂದಿನ ದಿನಗಳಲ್ಲಿ ಎಸೆದವರು ಯಾವ ಪಕ್ಷದವರು ಎಂಬ ಜಗಳ, ಮಡಿಕೇರಿ ಚಲೋ ಕರೆ, ಅದಕ್ಕೆ ಪ್ರತಿಯಾಗಿ ಇನ್ನೊಂದು ಸಮಾವೇಶದ ಸಿದ್ಧತೆ, ಜಿಲ್ಲಾಡಳಿತದ ನಿಷೇಧಾಜ್ಞೆ, ಎರಡೂ ಕಡೆಯವರು ಹಿಂದೆ ಸರಿದದ್ದು, ಹೀಗೆ ಸುದ್ದಿ ಬೆಳೆಯುತ್ತ ಹೋಯಿತು. ಗುಡ್ಡ ಕುಸಿದು ಮನೆ ತೋಟ ಕಳೆದುಕೊಂಡವರ ಸುದ್ದಿ ಅದರ ಅಡಿಯಲ್ಲಿ ಹೂತುಹೋಯಿತು. ಜೈದಿಯ ಶೂವಿನ ಹಿಂದೆ ವಿಧವೆಯರು ಅನಾಥರು ಇದ್ದರು, ಈ ಮೊಟ್ಟೆಯ ಹಿಂದೆ ಸಂತ್ರಸ್ತರು ಯಾರೂ ಇರಲಿಲ್ಲ. ಇದ್ದ ಸಂತ್ರಸ್ತರ ಮಾತು ಅದರಿಂದ ಕೇಳಿಸದೆ ಹೋಯಿತು. ಪಕ್ಷ ಪಕ್ಷಗಳ ನಡುವಿನ ಇಂಥ ಎಸೆತವನ್ನು ನೊಂದವನ ಎಸೆತದ ಸಾಲಿನಲ್ಲಿ ಇಡುವುದು ನೊಂದವನಿಗೆ ಮಾಡುವ ಅನ್ಯಾಯ.

ಈ ವಾದಕ್ಕೆ ಬಲವಾದ ಪ್ರತಿವಾದವೊಂದಿದೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ಗ್ರಂಥದಲ್ಲಿ ಸವಿನಯ ಕಾನೂನುಭಂಗವನ್ನು, ಅಂದರೆ ಬಹಿರಂಗವಾಗಿ, ಅಹಿಂಸೆಯಿಂದ, ಶಿಕ್ಷೆಗೆ ಸಿದ್ಧರಾಗಿ, ಬಹುಸಂಖ್ಯಾತರ ನ್ಯಾಯಪ್ರಜ್ಞೆಗೆ ಮೊರೆಯಿಡುತ್ತ ಕಾನೂನು ಮುರಿಯುವುದನ್ನು, ಸಮರ್ಥಿಸಿದ್ದರು. ಕ್ಯಾಂಡಿಸ್ ಡೆಲ್ಮಾಸ್ ಅವರಂಥ ಈಚಿನ ಚಿಂತಕರು 2018ರ ಹೊತ್ತಿಗೆ ಆ ಮಿತಿಯನ್ನು ಪ್ರಶ್ನಿಸಿ, ವಿನಯವನ್ನೇ ಬಯಸುವ ವ್ಯವಸ್ಥೆ ತುಳಿತಕ್ಕೊಳಗಾದವರ ಬಾಯಿ ಕಟ್ಟುತ್ತದೆ, ಕೆಲವು ಅನ್ಯಾಯಗಳೆದುರು ಅವಿನಯದ ಪ್ರತಿರೋಧವೂ ಧರ್ಮವಾಗಬಹುದು ಎಂದು ವಾದಿಸಿದ್ದಾರೆ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ರಕ್ತಸಿಕ್ತ ವಿಧಾನಗಳನ್ನಷ್ಟೇ ಅಲ್ಲದೆ ಅಸಹಕಾರ ಮತ್ತು ಸತ್ಯಾಗ್ರಹಗಳನ್ನೂ ಕೈಬಿಡಬೇಕೆಂದು ಹೇಳಿ ಅವನ್ನು ಅರಾಜಕತೆಯ ವ್ಯಾಕರಣವೆಂದು ಕರೆದದ್ದು ಪ್ರಸಿದ್ಧ. ಆ ಮಾತನ್ನು ಉದ್ಧರಿಸುವವರು ಅದರ ಷರತ್ತನ್ನು ಮರೆಯುತ್ತಾರೆ: ಸಾಂವಿಧಾನಿಕ ದಾರಿಗಳು ತೆರೆದಿರುವಾಗ ಎಂಬುದು ಆ ಷರತ್ತು. ದಾರಿ ಕಾಗದದ ಮೇಲೆ ತೆರೆದಿದ್ದು ನಡೆಯಹೊರಟವನಿಗೆ ಮುಚ್ಚಿದ್ದರೆ, ಮುಚ್ಚಿದವರೂ ಆ ವ್ಯಾಕರಣದ ಕರ್ತೃಗಳೇ.

ಆದರೂ ಅವಿನಯದ ಪರವಾದ ಈ ವಾದ ಎಸೆತಕ್ಕೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಎಸೆದವನಿಗೆ ತನ್ನ ಕೈ ಬಿಟ್ಟುಹೋದ ವಸ್ತುವಿನ ಮೇಲೆ ಹಿಡಿತವಿರುವುದಿಲ್ಲ. 1999ರಲ್ಲಿ ಜರ್ಮನಿಯ ವಿದೇಶಾಂಗ ಸಚಿವ ಯೋಷ್ಕಾ ಫಿಷರ್ ಅವರ ಮೇಲೆ ಅವರದೇ ಪಕ್ಷದ ಸಮ್ಮೇಳನದಲ್ಲಿ, ಯುದ್ಧವನ್ನು ವಿರೋಧಿಸಿ ಎಸೆದ ಕೆಂಪುಬಣ್ಣ ತುಂಬಿದ ಚೀಲ ಅವರ ಕಿವಿಯ ತಮಟೆಯನ್ನು ಹರಿಯಿತು. 2009ರ ಡಿಸೆಂಬರ್‌ನಲ್ಲಿ ಇಟಲಿಯ ಪ್ರಧಾನಿ ಬೆರ್ಲುಸ್ಕೋನಿಯವರ ಮೂಗನ್ನೂ ಹಲ್ಲುಗಳನ್ನೂ ಮುರಿದದ್ದು ಮಿಲಾನಿನ ಚರ್ಚಿನ ಪುಟ್ಟ ಪ್ರತಿಕೃತಿ. ಇದಕ್ಕಿಂತ ಆತಂಕದ್ದೆಂದರೆ ಎಸೆತ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗುವುದಿಲ್ಲ ಎಂಬುದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರ ಮೇಲೆ ಸಗಣಿ ಕೆಸರು ಎಸೆದವರೂ ತಮ್ಮ ಧರ್ಮವನ್ನು ಕಾಯುತ್ತಿದ್ದೇವೆಂದೇ ತಿಳಿದಿದ್ದರು; ಶಾಲೆಯಲ್ಲಿ ಬದಲಾಯಿಸಲು ಸಾವಿತ್ರಿಬಾಯಿಯವರು ಇನ್ನೊಂದು ಸೀರೆ ಒಯ್ಯುತ್ತಿದ್ದರೆಂದು ಹೇಳುತ್ತಾರೆ. ರೈತ ನಾಯಕ ರಾಕೇಶ್ ಟಿಕಾಯತ್ ಅವರಿಗೆ 2022ರ ಮೇ ತಿಂಗಳಲ್ಲಿ ಮಸಿ ಎರಚಿದ್ದು ಬೆಂಗಳೂರಿನ ಗಾಂಧಿ ಭವನದಲ್ಲಿ. ಹೊಸ ಮಾತನ್ನು ತಡೆಯಲು ಬಳಸಿದ ಸಗಣಿಗೂ ಹಳೆಯ ಅನ್ಯಾಯವನ್ನು ಪ್ರಶ್ನಿಸಲು ಬಳಸಿದ ಪಾದರಕ್ಷೆಗೂ ವ್ಯತ್ಯಾಸ ಮಾಡಬಲ್ಲದ್ದು ಅವುಗಳ ಹಿಂದಿನ ಕಾರಣ ಮಾತ್ರ. ಕಾರಣವನ್ನು ತೂಗಿನೋಡುವುದು ಮಾತಿನಿಂದಲ್ಲದೆ ಆಗದು.

ಹಾಗಾದರೆ ಏಟು ತಿಂದವರು ಏನು ಮಾಡಬೇಕು? 1897ರ ಜನವರಿ 13ರಂದು ಡರ್ಬನ್ನಿನಲ್ಲಿ ಬಿಳಿಯರ ಗುಂಪು ಗಾಂಧಿಯವರ ಮೇಲೆ ಕಲ್ಲು, ಇಟ್ಟಿಗೆಚೂರು, ಕೊಳೆತ ಮೊಟ್ಟೆಗಳನ್ನು ಎಸೆದು, ಪೇಟವನ್ನು ಕಿತ್ತುಹಾಕಿ ಹೊಡೆಯುತ್ತಿದ್ದಾಗ ಪೊಲೀಸ್ ಅಧಿಕಾರಿಯ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ತಮ್ಮ ಕೊಡೆಯನ್ನು ಬಿಚ್ಚಿ ನಡುವೆ ನಿಂತರು. ಹೊಡೆದವರ ಮೇಲೆ ಮೊಕದ್ದಮೆ ಹೂಡಲು ಲಂಡನ್ನಿನಿಂದಲೇ ಸೂಚನೆ ಬಂದರೂ ಗಾಂಧಿ ಒಪ್ಪಲಿಲ್ಲ. ಆ ಜನ ತಪ್ಪು ಸುದ್ದಿಯನ್ನು ನಂಬಿದವರು, ಅವರನ್ನು ಕೆರಳಿಸಿದ ಮುಖಂಡರೂ ಸರ್ಕಾರವೂ ನಿಜವಾದ ಹೊಣೆಗಾರರು ಎಂದು ಅಧಿಕಾರಿಗಳೆದುರೇ ಹೇಳಿದರು. ಇದು ಬರಿಯ ಔದಾರ್ಯವಲ್ಲ. ತನಗಾದ ಅವಮಾನವನ್ನು ಮನ್ನಿಸುವುದು ತನ್ನ ಕೈಯಲ್ಲಿರುವ ವಿಷಯ, ಅವಮಾನದ ಹಿಂದಿನ ಕಾರಣವನ್ನು ಬಯಲಿಗೆಳೆಯುವುದು ಎಲ್ಲರಿಗೂ ಸೇರಿದ ವಿಷಯ ಎಂಬ ವಿವೇಕ ಅದರಲ್ಲಿದೆ. ಇಂದಿನ ರಾಜಕಾರಣಿಗಳಲ್ಲಿ ಮೊದಲನೆಯದು ಆಗಾಗ ಕಾಣುತ್ತದೆ. 2010ರ ಸ್ವಾತಂತ್ರ್ಯ ದಿನದಂದು ಶ್ರೀನಗರದಲ್ಲಿ ತಮ್ಮತ್ತ ಶೂ ಎಸೆದ ಅಮಾನತಾದ ಪೊಲೀಸನ ಬಗ್ಗೆ ಮುಖ್ಯಮಂತ್ರಿ ಓಮರ್ ಅಬ್ದುಲ್ಲಾ ಕಲ್ಲಿಗಿಂತ ಶೂ ಮೇಲು ಎಂಬರ್ಥದ ಮಾತಾಡಿ ಆತನನ್ನು ಬಿಡಿಸಿದರು. ಎರಡನೆಯದು ಅಪರೂಪ. ಕ್ಷಮಿಸಿದ ಮೇಲೆ ಕ್ಷಮೆಯೇ ಸುದ್ದಿಯಾಗಿ, ಪ್ರಶ್ನೆ ಉತ್ತರವಿಲ್ಲದೆ ಉಳಿದರೆ, ಆ ಕ್ಷಮೆ ಎಸೆದವನ ಬಾಯನ್ನು ಎರಡನೆಯ ಸಲ ಮುಚ್ಚಿದಂತೆ.

ಕಾನೂನು ತನ್ನ ಕೆಲಸವನ್ನು ಅಳತೆಯಿಂದ ಮಾಡಬೇಕು. ಮಾನಹರಣದ ಉದ್ದೇಶದಿಂದ ಹಲ್ಲೆ ನಡೆಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 133ನೆಯ ಕಲಮಿನಲ್ಲಿ ಹೆಚ್ಚೆಂದರೆ ಎರಡು ವರ್ಷಗಳ ಶಿಕ್ಷೆಯಿದೆ, ಅದು ಎಸೆತಕ್ಕೆ ಸಾಕಾದಷ್ಟು ದೊಡ್ಡದು. ಮೊಟ್ಟೆಯನ್ನು ಕೊಲೆಯತ್ನವೆನ್ನುವುದು, ಮಸಿಯನ್ನು ರಾಷ್ಟ್ರದ್ರೋಹವೆನ್ನುವುದು, ಠಾಣೆಯಲ್ಲಿ ಕೈಕಾಲು ಮುರಿಯುವುದು ಆ ವ್ಯಕ್ತಿ ಎಸೆದದ್ದಕ್ಕಿಂತ ಭಾರವಾದದ್ದನ್ನು ಸರ್ಕಾರ ಅವನ ಮೇಲೆ ಎಸೆದಂತೆ.

ಜರ್ನೈಲ್ ಸಿಂಗ್ 2015ರಲ್ಲಿ ದೆಹಲಿಯ ರಜೌರಿ ಗಾರ್ಡನ್ ಕ್ಷೇತ್ರದಿಂದ ಶಾಸಕರಾಗಿ ಆರಿಸಿಬಂದರು. ಜೈದಿ 2018ರಲ್ಲಿ ಇರಾಕಿನ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಎಸೆದ ಕೈಗಳೆರಡೂ ಕೊನೆಗೆ ಮತ ಕೇಳಲು ಚಾಚಿಕೊಂಡವು. ಅವರಿಬ್ಬರಿಗೂ ಪ್ರಸಿದ್ಧಿ ಆ ದಾರಿಯನ್ನು ತೆರೆಯಿತು. ಹೆಸರಿಲ್ಲದ ನೂರಾರು ನೊಂದವರಿಗೆ ತೆರೆದಿರಬೇಕಾದ ದಾರಿಗಳ ಸ್ಥಿತಿ ಬೇರೆ. ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಆ ಹಕ್ಕಿಗೆ ಉಳಿದಿರುವ ಜಾಗ ಫ್ರೀಡಂ ಪಾರ್ಕ್, ತುರ್ತುಪರಿಸ್ಥಿತಿಯ ಕಾಲದಲ್ಲಿ ವಿರೋಧಪಕ್ಷದ ನಾಯಕರನ್ನು ಕೂಡಿಹಾಕಿದ್ದ ಹಳೆಯ ಸೆಂಟ್ರಲ್ ಜೈಲಿನ ಆವರಣ. ಸಂಬಳ ಹೆಚ್ಚಿಸಿರೆಂದು ಅಂಗನವಾಡಿ ಕಾರ್ಯಕರ್ತೆಯರು, ಬೆಳೆಗೆ ಬೆಲೆ ಕೊಡಿರೆಂದು ರೈತರು ರಾತ್ರಿಯ ಬಸ್ಸಿಗೆ ಬಂದು ಅಲ್ಲಿ ಚಳಿಯಲ್ಲಿ ಕೂರುತ್ತಾರೆ. ಅಧಿಕಾರಿಯೊಬ್ಬರು ಬಂದು ಮನವಿ ಪಡೆದು ಹೋಗುತ್ತಾರೆ. ಹಳ್ಳಿಗಳಲ್ಲಿ ಕಾನೂನಿನ ಪ್ರಕಾರ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕಾದ ಗ್ರಾಮಸಭೆ ಅನೇಕ ಕಡೆ ಹಾಜರಿ ಪುಸ್ತಕದ ಸಹಿಗಳಲ್ಲಿ ಮುಗಿಯುತ್ತದೆ. ಮುಖ್ಯಮಂತ್ರಿಗಳ ಜನತಾದರ್ಶನಕ್ಕೆ ಬರುವ ಸಾವಿರಾರು ಅರ್ಜಿಗಳಲ್ಲಿ ಬಹುಪಾಲು ತಾಲ್ಲೂಕು ಕಚೇರಿಯಲ್ಲೇ ಬಗೆಹರಿಯಬೇಕಾಗಿದ್ದವು: ಪಿಂಚಣಿ, ಪಹಣಿ ತಿದ್ದುಪಡಿ, ಹಕ್ಕುಪತ್ರ. ಎಸೆತವನ್ನು ಖಂಡಿಸಿ ಹೇಳಿಕೆ ಕೊಡುವ ಪ್ರತಿಯೊಬ್ಬ ಸಚಿವರೂ ಅದೇ ವಾರ ಫ್ರೀಡಂ ಪಾರ್ಕಿಗೆ ಹೋಗಿ, ಕೂತವರ ಜೊತೆ ನೆಲದ ಮೇಲೆ ಕೂತು, ಅವರು ಕೇಳಿದ್ದಕ್ಕೆ ಆಗುತ್ತದೆಂದೋ ಆಗುವುದಿಲ್ಲವೆಂದೋ, ಆಗದಿದ್ದರೆ ಏಕೆ ಆಗುವುದಿಲ್ಲವೆಂದೋ ಅಲ್ಲಿಯೇ ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕು.